ಅಪ್‌ಡೇಟ್ ಆದ್ಮೇಲೆ ವಿಂಡೋಗಳು ಹೇಳಿದ ಮಾತು ಕೇಳ್ತಿಲ್ಲ! – ಓದುಗರ ಕಂಪ್ಯೂಟರ್ ಪ್ರಶ್ನೋತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲೆ ಇವೆ. ಅಪ್‌ಡೇಟ್ ಆಯ್ತು, ಮಾರನೇ ದಿನ ಸಿಸ್ಟಮ್ ಆನ್ ಮಾಡಿದ್ರೆ ವಿಂಡೋಗಳು ಮೊದ್ಲಿನ ಥರ ನಡ್ಕೋತಿಲ್ಲ, ಯಾಕೆ, ವಾಪಸ್ ತರೋದು ಹೇಗೆ ಅಂತ. ಹಾಗಾಗಿ ಪ್ರಿಂಟರ್, ಪೆನ್‌ಡ್ರೈವ್ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಕೊಂಡು ಈ ಸಲ ಪೂರ್ತಿ ಇದಕ್ಕೇ ಜಾಗ ಕೊಡ್ತಿದ್ದೀನಿ.

ಪ್ರಶ್ನೆ: ಸರ್, ನಾನು ಟ್ಯಾಕ್ಸ್ ಕನ್ಸಲ್ಟೆಂಟ್ ಒಬ್ರ ಹತ್ರ ಅಕೌಂಟ್ಸ್ ನೋಡ್ಕೋತೀನಿ. ಮೊದ್ಲು ಕೆಳಗಿನ ಟಾಸ್ಕ್‌ಬಾರಲ್ಲಿ ಒಂದೊಂದು ಎಕ್ಸೆಲ್ ಫೈಲಿಗೂ ಒಂದೊಂದು ಬಟನ್ ಇರ್ತಿತ್ತು, ಅದ್ರ ಮೇಲೆ ಪಾರ್ಟಿ ಹೆಸರು ಕಾಣ್ತಿತ್ತು. ವಿಂಡೋಸ್ 11 ಬಂದ್ಮೇಲೆ ಎಲ್ಲಾ ಸೇರಿ ಒಂದೇ ಹಸಿರು ಐಕಾನ್ ಆಗಿದೆ. ಐಕಾನ್‌ಗಳೆಲ್ಲ ಬೇರೆ ಮಧ್ಯಕ್ಕೆ ಬಂದು ಕೂತಿವೆ. 20ನೇ ತಾರೀಖು ಹತ್ರ ಬಂದ್ರೆ ಅಳು ಬರೋದೊಂದು ಬಾಕಿ. ಏನಾದ್ರೂ ದಾರಿ ಇದ್ಯಾ?
– ದಾವಣಗೆರೆಯ ಓದುಗರು

ಉತ್ತರ: ಇದೆ ಮೇಡಮ್, ಮೊದ್ಲು ದಾರಿ ಹೇಳ್ಬಿಡ್ತೀನಿ, ಆಮೇಲೆ ಮಿಕ್ಕ ಮಾತು. ಟಾಸ್ಕ್‌ಬಾರಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ಟಾಸ್ಕ್‌ಬಾರ್ ಸೆಟ್ಟಿಂಗ್ಸ್ ಅಂತ ಬರತ್ತೆ, ಅದನ್ನ ಒತ್ತಿ ಕೆಳಗೆ ಬನ್ನಿ, ಟಾಸ್ಕ್‌ಬಾರ್ ಬಿಹೇವಿಯರ್ಸ್ ಅನ್ನೋದನ್ನ ತೆರೀರಿ. ಅಲ್ಲಿ ಟಾಸ್ಕ್‌ಬಾರ್ ಅಲೈನ್‌ಮೆಂಟ್ ಅಂತ ಇರತ್ತೆ, ಅದನ್ನ ಸೆಂಟರ್ ಇಂದ ಲೆಫ್ಟ್ ಮಾಡಿ, ಸ್ಟಾರ್ಟ್ ಬಟನ್ ಮೊದ್ಲಿನ ಮೂಲೆಗೆ ಬಂತು. ಅದೇ ಪುಟದಲ್ಲಿ ಕಂಬೈನ್ ಟಾಸ್ಕ್‌ಬಾರ್ ಬಟನ್ಸ್ ಆ್ಯಂಡ್ ಹೈಡ್ ಲೇಬಲ್ಸ್ ಅಂತ ಒಂದು ಸಾಲಿದೆ, ಅದು ಆಲ್ವೇಸ್ ಅಂತ ಇರತ್ತೆ, ನೆವರ್ ಅಂತ ಮಾಡಿ. ಆ ಕ್ಷಣಕ್ಕೇ ಪ್ರತಿ ಫೈಲಿಗೂ ಬೇರೆ ಬಟನ್, ಹೆಸರಿನ ಸಮೇತ. ಆ ಸಾಲೇ ಕಾಣ್ತಿಲ್ಲ ಅಂದ್ರೆ ನಿಮ್ಮದು ಹಳೇ ವರ್ಷನ್ ಅಂತ ಅರ್ಥ, 2023ರ ಕೊನೆಯಲ್ಲಿ ಬಂದ 23ಎಚ್2 ಅಥವಾ ಅದಕ್ಕಿಂತ ಹೊಸದು ಬೇಕು, ಆಫೀಸಲ್ಲಿ ಸಿಸ್ಟಮ್ ನೋಡ್ಕೊಳ್ಳೋರಿಗೆ ಹಾಗೇ ಹೇಳಿ.

ಈಗ ಮಿಕ್ಕ ಮಾತು. ನಿಮ್ಮ ಕೆಲ್ಸ ಏನು ಅಂತ ನಂಗೆ ಅರ್ಥ ಆಗತ್ತೆ. 14ನೇ ತಾರೀಖು ಜಿಎಸ್‌ಟಿ ಪೋರ್ಟಲಲ್ಲಿ ಜಿಎಸ್‌ಟಿಆರ್ 2ಬಿ, ಅಂದ್ರೆ ಮಾಲು ಮಾರಿದೋರು ತೋರಿಸಿದ ಬಿಲ್ಲುಗಳ ಪಟ್ಟಿ ಬಂತು, ಅದನ್ನ ಡೌನ್‌ಲೋಡ್ ಮಾಡ್ಕೊಂಡು ಒಂದು ಕಡೆ ಇಟ್ಟು, ಪರ್ಚೇಸ್ ರಿಜಿಸ್ಟರ್ ಇನ್ನೊಂದು ಕಡೆ ಇಟ್ಟು, ಬಿಲ್ ನಂಬರ್‌ಗೆ ಬಿಲ್ ನಂಬರ್ ತಾಳೆ ನೋಡ್ಬೇಕು, 20ರೊಳಗೆ 3ಬಿ ರಿಟರ್ನ್ ಹಾಕ್ಬೇಕು. ಒಬ್ಬ ಪಾರ್ಟಿಗೆ ಎರಡು ಫೈಲ್ ಅಂದ್ರೂ ನಾಲ್ಕು ಪಾರ್ಟಿಗೆ ಎಂಟು ವಿಂಡೋ. ಮೊದ್ಲಾದ್ರೆ ಬಟನ್ ಮೇಲೆ ಹೆಸರು ಓದಿ ಒಂದು ಕ್ಲಿಕ್. ಈಗ ಐಕಾನ್ ಮೇಲೆ ಮೌಸ್ ಇಡ್ಬೇಕು, ಒಂದು ಗಳಿಗೆ ಕಾಯ್ಬೇಕು, ಪುಟ್ಟ ಪುಟ್ಟ ಚಿತ್ರಗಳು ಸಾಲಾಗಿ ಬರ್ತವೆ, ಎಲ್ಲದ್ರಲ್ಲೂ ಕಾಣೋದು ಅದೇ ಬಿಳಿ ಚೌಕ ಅದೇ ಗೆರೆ, ಮೇಲಿನ ಹೆಸರು ಅರ್ಧಕ್ಕೇ ಕಟ್ ಆಗಿರತ್ತೆ, ಅಷ್ಟರಲ್ಲಿ ಮೌಸ್ ಸ್ವಲ್ಪ ಆಚೆ ಜಾರಿದ್ರೆ ಚಿತ್ರಗಳೂ ಮಾಯ, ಮತ್ತೆ ಮೊದ್ಲಿಂದ. ಇದ್ರ ಮಧ್ಯೆ ಯಾವ ಬಿಲ್ ನೋಡ್ತಿದ್ದೆ ಅನ್ನೋದೇ ಮರ್ತುಹೋಗತ್ತೆ. ಹೋಗೋದು ಬರೀ ಎರಡು ಸೆಕೆಂಡ್ ಆದ್ರೆ ಯಾರೂ ತಲೆ ಕೆಡಿಸ್ಕೋತಿರ್ಲಿಲ್ಲ, ತಾಳೆ ನೋಡೋವಾಗ ಗಮನ ತಪ್ಪೋದಿದ್ಯಲ್ಲ, ದೊಡ್ಡ ನಷ್ಟ ಅದು.

ಎಕ್ಸೆಲ್ 2013ರಿಂದ ಪ್ರತಿ ಫೈಲೂ ತನ್ನದೇ ಬೇರೆ ವಿಂಡೋದಲ್ಲಿ ತೆರ್ಕೊಳ್ಳತ್ತೆ, ಅದಕ್ಕೆ ಮುಂಚೆ ಒಂದೇ ದೊಡ್ಡ ವಿಂಡೋ ಒಳಗೇ ಎಲ್ಲ ಫೈಲೂ ಇರ್ತಿದ್ವು. ಅಂದ್ರೆ ಫೈಲ್ ಬದಲಾಯಿಸೋಕೆ ಟಾಸ್ಕ್‌ಬಾರ್ ಮೊದ್ಲಿಗಿಂತ ಜಾಸ್ತಿ ಬೇಕಾಗಿ ಬಂತು. ಅಂಥಾ ಹೊತ್ತಲ್ಲಿ 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂತು, ಟಾಸ್ಕ್‌ಬಾರನ್ನ ಬಹುಪಾಲು ಹೊಸದಾಗೇ ಬರೆದಿದ್ರು. ಬಟನ್ ಬೇರೆ ಬೇರೆ ಇಡೋ ಆಯ್ಕೆ ಅದ್ರಲ್ಲಿ ಇರ್ಲಿಲ್ಲ. ಫೈಲನ್ನ ಎಳ್ಕೊಂಡು ಹೋಗಿ ಟಾಸ್ಕ್‌ಬಾರಿನ ಐಕಾನ್ ಮೇಲೆ ಹಿಡಿದ್ರೆ ಆ ವಿಂಡೋ ಮುಂದಕ್ಕೆ ಬರ್ತಿತ್ತಲ್ಲ, ಅದೂ ಇರ್ಲಿಲ್ಲ. ಟಾಸ್ಕ್‌ಬಾರನ್ನ ಮೇಲಕ್ಕೋ ಪಕ್ಕಕ್ಕೋ ಒಯ್ಯೋದು ವಿಂಡೋಸ್ 95ರ ಕಾಲದಿಂದ ಆಗ್ತಿತ್ತು, ಅದನ್ನೂ ಆಗ ಬಿಟ್ರು. ಜನ ದೂರು ಹೇಳ್ತಾನೇ ಇದ್ರು. 2022ರಲ್ಲಿ ಎಳೆದು ಹಾಕೋದು ವಾಪಸ್ ಬಂತು, 2023ರಲ್ಲಿ ನಿಮ್ಮ ಹೆಸರಿನ ಬಟನ್ ವಾಪಸ್ ಬಂತು. ಎರಡು ವರ್ಷ ಜನ ಒದ್ದಾಡಿದ್ಮೇಲೆ ಬಂತು ಅನ್ನೋದು ನಂಗೆ ಬೇಜಾರು, ಆದ್ರೂ ಬಂತಲ್ಲ.

ಇನ್ನೊಂದು ವಿಷ್ಯ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಮುಂದೆ ಬೇಕಾಗತ್ತೆ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಬರೋ ಹಳೇ ಉದ್ದ ಮೆನು ಬೇಕು ಅಂದ್ರೆ ಶಿಫ್ಟ್ ಒತ್ಕೊಂಡು ರೈಟ್ ಕ್ಲಿಕ್ ಮಾಡಿ. ಶೋ ಮೋರ್ ಆಪ್ಶನ್ಸ್ ಹುಡುಕೋ ಕೆಲ್ಸ ಇಲ್ಲ. ವಿಂಡೋ ಬದಲಾಯಿಸೋಕೆ ಆಲ್ಟ್ ಟ್ಯಾಬ್ ಒತ್ತಿದಾಗ ಎಜ್ ಬ್ರೌಸರಿನ ಟ್ಯಾಬ್‌ಗಳೂ ವಿಂಡೋ ಥರ ಬಂದು ತುಂಬ್ಕೋತಿದ್ರೆ ಸೆಟ್ಟಿಂಗ್ಸ್, ಸಿಸ್ಟಮ್, ಮಲ್ಟಿಟಾಸ್ಕಿಂಗ್‌ಗೆ ಹೋಗಿ ಅದನ್ನ ತೋರಿಸ್ಬೇಡ ಅಂತ ಆರಿಸ್ಬಹುದು.

ಪ್ರಶ್ನೆ: ಮಾನ್ಯರೇ, ನಾನು ನಿವೃತ್ತ ಮುಖ್ಯೋಪಾಧ್ಯಾಯ. ಸ್ಥಳೀಯ ವಾರಪತ್ರಿಕೆಗೆ ಲೇಖನ ಬರೀತೀನಿ, ನುಡಿಯಲ್ಲಿ ಟೈಪ್ ಮಾಡ್ತೀನಿ. ಈಚೆಗೆ ವಿಂಡೋವನ್ನ ಸ್ವಲ್ಪ ಮೇಲಕ್ಕೆ ಸರಿಸೋಣ ಅಂತ ಎಳೆದ್ರೆ ಮೇಲಿಂದ ಏನೋ ಚೌಕಗಳ ಪೆಟ್ಟಿಗೆ ಇಳಿಯುತ್ತೆ, ಕೈ ಬಿಟ್ರೆ ವಿಂಡೋ ಪರದೆ ತುಂಬ ಹರಡ್ಕೊಳ್ಳುತ್ತೆ ಇಲ್ಲಾ ಅರ್ಧಕ್ಕೆ ಹೋಗಿ ಅಂಟ್ಕೊಳ್ಳುತ್ತೆ. ಮಗನನ್ನ ಕೇಳಿದ್ರೆ ಅಪ್ಪಾ ಹೊಸದಕ್ಕೆ ಹೊಂದ್ಕೋಬೇಕು ಅಂತಾನೆ. ವಯಸ್ಸಾಗಿದ್ದೇ ನನ್ನ ತೊಂದ್ರೆಯೋ?
– ಶಿರಸಿಯ ಓದುಗರು

ಉತ್ತರ: ಖಂಡಿತ ಅಲ್ಲ ಮೇಷ್ಟ್ರೇ. ಅದಕ್ಕೆ ಸ್ನ್ಯಾಪ್ ಅಂತಾರೆ, ಅಂಚಿಗೆ ಎಳೆದ್ರೆ ವಿಂಡೋ ಅಂಟ್ಕೊಳ್ಳೋದು 2009ರಲ್ಲಿ ವಿಂಡೋಸ್ 7 ಜೊತೆ ಬಂದಿದ್ದು. ಮೇಲಿಂದ ಇಳಿಯೋ ಚೌಕದ ಪೆಟ್ಟಿಗೆ ವಿಂಡೋಸ್ 11ರಲ್ಲಿ ಸೇರಿದ್ದು. ಎರಡು ಬರಹ ಅಕ್ಕಪಕ್ಕ ಇಟ್ಕೊಂಡು ಕೆಲ್ಸ ಮಾಡೋರಿಗೆ ಒಳ್ಳೇದೇ, ಆದ್ರೆ ಕೇಳದೇ ಇದ್ದೋರಿಗೂ ಆನ್ ಮಾಡಿಟ್ಟಿರೋದು ಸರಿಯಲ್ಲ. ಸೆಟ್ಟಿಂಗ್ಸ್ ತೆರೀರಿ, ಸಿಸ್ಟಮ್, ಅದ್ರಲ್ಲಿ ಮಲ್ಟಿಟಾಸ್ಕಿಂಗ್, ಅಲ್ಲಿ ಸ್ನ್ಯಾಪ್ ವಿಂಡೋಸ್ ಅಂತಿದೆ. ಅದನ್ನೇ ಆಫ್ ಮಾಡಿದ್ರೆ ಎಲ್ಲವೂ ನಿಲ್ಲತ್ತೆ, ವಿಂಡೋ ನೀವು ಬಿಟ್ಟಲ್ಲೇ ಇರತ್ತೆ. ಪೂರ್ತಿ ಬೇಡ, ಆ ಚೌಕದ ಪೆಟ್ಟಿಗೆ ಮಾತ್ರ ಬರ್ಬಾರ್ದು ಅಂದ್ರೆ ಸ್ನ್ಯಾಪ್ ವಿಂಡೋಸ್ ಪಕ್ಕದ ಬಾಣ ಒತ್ತಿ, ಒಳಗೆ ಡ್ರ್ಯಾಗ್ ಎ ವಿಂಡೋ ಟು ದ ಟಾಪ್ ಅನ್ನೋ ಮಾತಿರೋ ಸಾಲಿನ ಟಿಕ್ ತೆಗೀರಿ. ಮ್ಯಾಕ್ಸಿಮೈಜ್ ಬಟನ್ ಮೇಲೆ ಮೌಸ್ ಇಟ್ಟಾಗ ಬರೋದಕ್ಕೂ ಬೇರೆ ಟಿಕ್ ಇದೆ.

ಇನ್ನು ನಿಮ್ಮ ಮಗ ಹೇಳಿದ ಮಾತು. ಪ್ರೀತಿಯಿಂದಲೇ ಹೇಳಿರ್ತಾರೆ, ಆದ್ರೆ ನಾನು ಒಪ್ಪಲ್ಲ. ವಿಂಡೋಸ್ ಥರಾನೇ ಲಿನಕ್ಸ್ ಅಂತ ಇನ್ನೊಂದು ವ್ಯವಸ್ಥೆ ಇದೆ, 2011ರ ಏಪ್ರಿಲ್‌ನಲ್ಲಿ ಅದ್ರ ಗ್ನೋಮ್ 3 ಡೆಸ್ಕ್‌ಟಾಪ್ ಬಂದಾಗ ವಿಂಡೋ ಮೇಲಿನ ಮಿನಿಮೈಜ್, ಮ್ಯಾಕ್ಸಿಮೈಜ್ ಬಟನ್‌ಗಳನ್ನೇ ತೆಗೆದಿದ್ರು, ಕ್ಲೋಸ್ ಒಂದೇ ಉಳಿಸಿದ್ರು. ಆಗ ಸಿಟ್ಟಾಗಿದ್ದು ಯಾರು? ದಿನವಿಡೀ ಪ್ರೋಗ್ರಾಂ ಬರೆಯೋ ಜನ. ಲಿನಕ್ಸ್ ಕರ್ನೆಲ್, ಅಂದ್ರೆ ಅದ್ರ ತಿರುಳನ್ನೇ ಬರೆದ ಲೀನಸ್ ಟೊರ್ವಾಲ್ಡ್ಸ್ ಅವರೇ ಆ ವರ್ಷ ಗ್ನೋಮ್ ಬಿಟ್ಟು ಎಕ್ಸ್‌ಎಫ್‌ಸಿಇ ಅನ್ನೋ ಸರಳ ಡೆಸ್ಕ್‌ಟಾಪ್‌ಗೆ ಹೋದ್ರು, ಬಹಿರಂಗವಾಗೇ ದೂರಿದ್ರು. ಅವರಿಗೆ ಕಂಪ್ಯೂಟರ್ ಬರಲ್ಲ ಅಂತ ಯಾರಾದ್ರೂ ಹೇಳೋಕಾಗತ್ತಾ? ಕೆಲ್ಸ ಮಾಡೋವಾಗ ಬಟನ್ ಎಲ್ಲಿದೆ ಅಂತ ನಾವು ಯೋಚ್ನೆ ಮಾಡಲ್ಲ, ಕೈ ತಾನಾಗೇ ಹೋಗತ್ತೆ. ಆ ರೂಢಿ ವರ್ಷಗಟ್ಟಲೆ ದುಡಿದು ಸಂಪಾದಿಸಿದ್ದು. ಅದು ಬಳಸೋರ ಸ್ವತ್ತು, ಕಂಪನಿಯದ್ದಲ್ಲ. ಜಾಸ್ತಿ ಬಳಸಿದೋರಿಗೇ ಜಾಸ್ತಿ ನೋವು.

ನೀವು ನುಡಿ ಬಳಸೋರು ಅಂದ್ರಿ, ಅದಕ್ಕೇ ಈ ಉದಾಹರಣೆ ಕೊಡ್ತೀನಿ, ಇದು ನಂಗೆ ತುಂಬಾ ಇಷ್ಟ. ನುಡಿಯ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಮೇಲೆ ನಿಂತಿದೆ. ಕನ್ನಡ ಟೈಪಿಂಗ್ ಹಳೇ ಫಾಂಟ್ ಎನ್‌ಕೋಡಿಂಗಿಂದ ಯೂನಿಕೋಡ್‌ಗೆ, ಅಂದ್ರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ ಬಂದಾಗ ಒಳಗಡೆ ಎಲ್ಲವೂ ಬದಲಾಯ್ತು. ಅಕ್ಷರ ಕೂಡಿಡೋ ರೀತಿ ಬೇರೆ, ಫಾಂಟ್ ಬೇರೆ, ಹಳೇ ಫೈಲುಗಳನ್ನ ಯೂನಿಕೋಡಲ್ಲಿ ಬಳಸ್ಬೇಕು ಅಂದ್ರೆ ಕನ್ವರ್ಟ್ ಮಾಡ್ಬೇಕಿತ್ತು. ಆದ್ರೆ ಕ ಬೇಕು ಅಂದ್ರೆ ಬೆರಳು ಹೋಗೋ ಕೀಲಿ ಅದೇ ಉಳೀತು, ಒತ್ತಕ್ಷರಕ್ಕೆ ಒತ್ತೋ ಎಫ್ ಕೀಲಿಯೂ ಅದೇ. ನಿಮ್ಮಂಥೋರು, ಡಿಟಿಪಿ ಮಾಡೋರು, ತಾಲೂಕು ಕಚೇರಿಯ ಟೈಪಿಸ್ಟ್‌ಗಳು ಯಾರೂ ಬೆರಳಿಗೆ ಹೊಸ ಪಾಠ ಹೇಳಿಕೊಡ್ಬೇಕಾಗಿ ಬರ್ಲಿಲ್ಲ. ಒಳಗೆ ಎಷ್ಟು ಬೇಕಾದ್ರೂ ಬದಲಾಯಿಸ್ಲಿ, ಕೈ ತಾಗೋ ಜಾಗ ಹಾಗೇ ಇರ್ಲಿ, ಬದಲಾಯಿಸ್ಲೇಬೇಕು ಅಂದ್ರೆ ಹಳೇದನ್ನೂ ಒಂದು ಆಯ್ಕೆಯಾಗಿ ಉಳಿಸ್ಲಿ. ಡೆಸ್ಕ್‌ಟಾಪ್ ಮಾಡೋರ ಹತ್ರ ನಾನು ಕೇಳೋದೂ ಇಷ್ಟೇ.

ಪ್ರಶ್ನೆ: ನಂದು ಫೋಟೋ ಸ್ಟುಡಿಯೋ. ಪ್ರತಿ ಸಲ ಅಪ್‌ಡೇಟ್ ಆದಾಗ್ಲೂ ಏನಾದ್ರೊಂದು ಎಡವಟ್ಟು. ಅಪ್‌ಡೇಟನ್ನೇ ಶಾಶ್ವತವಾಗಿ ಆಫ್ ಮಾಡ್ಬಿಟ್ರೆ ಹೇಗೆ?
– ಹಾಸನದ ಓದುಗರು

ಉತ್ತರ: ಬೇಡ, ದಯವಿಟ್ಟು ಬೇಡ. ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದ್ರೆ ಈ ದಾರಿ ಹಿಡಿದ್ರೆ ಗಿರಾಕಿಗಳ ಮದುವೆ ಫೋಟೋಗಳೆಲ್ಲ ಅಪಾಯಕ್ಕೆ ಬೀಳ್ತವೆ. 2017ರ ಮೇ 12ಕ್ಕೆ ವಾನಾಕ್ರೈ ಅನ್ನೋ ವೈರಸ್ ಹಬ್ಬಿತು, ಕಂಪ್ಯೂಟರಿನ ಫೈಲುಗಳನ್ನೆಲ್ಲ ಬೀಗ ಹಾಕಿ ದುಡ್ಡು ಕೇಳ್ತಿತ್ತು, ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಪಾಯಿಂಟ್‌ಮೆಂಟು, ಆಪರೇಷನ್ನುಗಳು ರದ್ದಾದ್ವು. ಅದು ನುಗ್ಗಿದ ತೂತನ್ನ ಮುಚ್ಚೋ ಅಪ್‌ಡೇಟ್ ಮಾರ್ಚ್ 14ಕ್ಕೇ ಬಂದಿತ್ತು, ಅಂದ್ರೆ ಸುಮಾರು ಎರಡು ತಿಂಗಳು ಮುಂಚೆ. ಹಾಕ್ಕೊಂಡಿದ್ದೋರು ಬಚಾವಾದ್ರು.

ನಂಗೆ ನಿಜಕ್ಕೂ ಸಿಟ್ಟು ಬರೋದು ಇಲ್ಲೇ. ಬೀಗ ಭದ್ರ ಮಾಡೋ ಅಪ್‌ಡೇಟೂ ಬಟನ್ ಜಾಗ ಬದಲಾಯಿಸೋ ಅಪ್‌ಡೇಟೂ ಒಂದೇ ಬಾಗ್ಲಿಂದ ಬರ್ತವೆ. ಎರಡನೇದಕ್ಕೆ ಬೇಸತ್ತ ಜನ ಬಾಗ್ಲನ್ನೇ ಮುಚ್ಕೋತಾರೆ, ಮೊದಲನೇದೂ ಹೊರಗೆ ಉಳಿಯತ್ತೆ. ನಿಮ್ಮ ಪತ್ರವೇ ಅದಕ್ಕೆ ಸಾಕ್ಷಿ. ವಿಂಡೋ ಹೇಗೆ ನಡ್ಕೊಳ್ಳತ್ತೆ ಅನ್ನೋದು ಅಲಂಕಾರದ ವಿಷ್ಯ, ಅದಕ್ಕೆ ಹೋಗಿ ಇಷ್ಟು ರಗಳೆ ಯಾಕೆ ಅಂತ ಕೇಳೋರಿದ್ದಾರೆ, ಅಂಥೋರು ಇದನ್ನ ಯೋಚ್ನೆ ಮಾಡ್ಬೇಕು.

ನೀವು ಮಾಡ್ಬಹುದಾದ್ದು: ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಪಾಜ್ ಅಪ್‌ಡೇಟ್ಸ್ ಅಂತಿದೆ, ಐದು ವಾರದವರೆಗೆ ಮುಂದೂಡ್ಬಹುದು, ಮದುವೆ ಸೀಸನ್ ಮಧ್ಯೆ ಬೇಡ ಅನ್ಸಿದ್ರೆ ಅಷ್ಟು ಸಾಕು, ಆಮೇಲೆ ಮರೀದೆ ಹಾಕ್ಕೊಳ್ಳಿ. ಅದೇ ಪುಟದಲ್ಲಿ ಗೆಟ್ ದ ಲೇಟೆಸ್ಟ್ ಅಪ್‌ಡೇಟ್ಸ್ ಆ್ಯಸ್ ಸೂನ್ ಆ್ಯಸ್ ಅಂತ ಶುರುವಾಗೋ ಒಂದು ಸ್ವಿಚ್ ಇದೆ, ಅದು ಆನ್ ಇದ್ರೆ ಹೊಸ ಫೀಚರ್‌ಗಳು ನಿಮಗೇ ಮೊದ್ಲು ಬರ್ತವೆ. ಆಫ್ ಇಡಿ, ಸುರಕ್ಷತೆಯ ಅಪ್‌ಡೇಟ್ ಅದ್ರಿಂದ ನಿಲ್ಲಲ್ಲ. ನೀವಿನ್ನೂ ವಿಂಡೋಸ್ 10ರಲ್ಲೇ ಇದ್ರೆ ಅದಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಅನ್ನೋದೂ ನೆನಪಿರ್ಲಿ.

ಪ್ರಶ್ನೆ: ಸರ್ರ, ನಮ್ಮ ಕಾಲೇಜ್ ಲ್ಯಾಬ್‌ನ್ಯಾಗ ಉಬುಂಟು 16.04 ಇತ್ರಿ, ಈಗ 24.04 ಹಾಕ್ಯಾರ. ವಿಂಡೋ ಬಟನ್ ಎಲ್ಲಾ ಎಡಕ್ಕಿದ್ದವು ಬಲಕ್ಕ ಹೋಗ್ಯಾವ. ನನ್ನ ಕೈ ಇನ್ನೂ ಎಡಕ್ಕ ಹೊಕ್ಕೈತಿ. ಎರಡು ಟರ್ಮಿನಲ್ ತಗದ್ರ ಆಲ್ಟ್ ಟ್ಯಾಬ್‌ನ್ಯಾಗ ಒಂದ ಕಾಣತೈತಿ. ಏನ್ ಮಾಡೂದ್ರಿ?
– ಹುಬ್ಬಳ್ಳಿಯ ಲ್ಯಾಬ್ ಇನ್‌ಸ್ಟ್ರಕ್ಟರ್

ಉತ್ತರ: ನಿಮ್ಮ ಕೈಯದ್ದೇನೂ ತಪ್ಪಿಲ್ಲ ಸರ್, ಆ ಬಟನ್‌ಗಳ ಕಥೆಯೇ ಹಂಗಿದೆ. ಉಬುಂಟು ಅನ್ನೋ ಈ ಲಿನಕ್ಸಲ್ಲಿ ಮೊದ್ಲು ಅವು ಬಲಕ್ಕೇ ಇದ್ವು. 2010ರ ಏಪ್ರಿಲ್‌ನಲ್ಲಿ 10.04 ಬಂದಾಗ ಎಡಕ್ಕೆ ಒಯ್ದ್ರು, ಆಗ್ಲೂ ಜನ ಬಹಳ ವಿರೋಧಿಸಿದ್ರು, ಕೇಳ್ಲಿಲ್ಲ. ಆಮೇಲೆ ಯೂನಿಟಿ ಡೆಸ್ಕ್‌ಟಾಪ್ ಬಂತು, ಜನ ಎಡಕ್ಕೇ ಒಗ್ಗಿಹೋದ್ರು. 2017ರ ಅಕ್ಟೋಬರ್‌ನಲ್ಲಿ 17.10 ಬಂದಾಗ ಯೂನಿಟಿ ಬಿಟ್ಟು ಗ್ನೋಮ್‌ಗೆ ಹೋದ್ರು, ಬಟನ್ ಮತ್ತೆ ಬಲಕ್ಕೆ. ಏಳು ವರ್ಷ ಒಂದು ಕಡೆ ಪಳಗಿಸಿ ಇನ್ನೊಂದು ಕಡೆ ಇಟ್ರೆ ಕೈ ಏನು ಮಾಡತ್ತೆ ಪಾಪ.

ಗ್ನೋಮ್ ಟ್ವೀಕ್ಸ್ ಅಂತ ಒಂದು ಸಾಫ್ಟ್‌ವೇರಿದೆ, ಅದನ್ನ ಹಾಕ್ಕೊಳ್ಳಿ. ವಿಂಡೋಸ್ ಅನ್ನೋ ಭಾಗದಲ್ಲಿ ಟೈಟಲ್‌ಬಾರ್ ಬಟನ್ಸ್, ಪ್ಲೇಸ್‌ಮೆಂಟ್ ಅಂತ ಇರತ್ತೆ, ಲೆಫ್ಟ್ ಮಾಡಿದ್ರೆ ಎಡಕ್ಕೆ ಬಂದ್ವು. ಆಲ್ಟ್ ಟ್ಯಾಬ್‌ಗೆ ಸೆಟ್ಟಿಂಗ್ಸಲ್ಲಿ ಕೀಬೋರ್ಡ್, ಅದ್ರಲ್ಲಿ ಶಾರ್ಟ್‌ಕಟ್ಸ್, ನ್ಯಾವಿಗೇಶನ್ ತೆಗೀರಿ. ಈಗ ಆಲ್ಟ್ ಟ್ಯಾಬ್ ಸ್ವಿಚ್ ಅಪ್ಲಿಕೇಶನ್ಸ್ ಅನ್ನೋದಕ್ಕೆ ಕಟ್ಟಿದೆ, ಅದಕ್ಕೇ ಎರಡು ಟರ್ಮಿನಲ್ ಒಂದಾಗಿ ಕಾಣೋದು. ಸ್ವಿಚ್ ವಿಂಡೋಸ್ ಅನ್ನೋ ಸಾಲನ್ನ ಒತ್ತಿ ಆಲ್ಟ್ ಟ್ಯಾಬ್ ಕೊಡಿ, ರೀಪ್ಲೇಸ್ ಅಂತ ಕೇಳತ್ತೆ, ಹೂಂ ಅನ್ನಿ. ಅಷ್ಟು ಮಾಡೋ ತನಕ ತಾತ್ಕಾಲಿಕಕ್ಕೆ ಆಲ್ಟ್ ಒತ್ಕೊಂಡು ಟ್ಯಾಬ್ ಮೇಲಿನ ಕೀಲಿ ಒತ್ತಿದ್ರೆ ಒಂದೇ ಸಾಫ್ಟ್‌ವೇರಿನ ವಿಂಡೋಗಳ ಮಧ್ಯೆ ಓಡಾಡ್ಬಹುದು.

ಲ್ಯಾಬ್ ಬಗ್ಗೆ ಒಂದು ಸಲಹೆ. ಹೆಸರಿನ ಮುಂದೆ ಎಲ್‌ಟಿಎಸ್ ಅಂತ ಇರೋ ಆವೃತ್ತಿಯಲ್ಲೇ ಇರಿ, ಎರಡು ವರ್ಷಕ್ಕೊಂದು ಬರತ್ತೆ, ಐದು ವರ್ಷ ಸುರಕ್ಷತೆಯ ಅಪ್‌ಡೇಟ್ ಸಿಗತ್ತೆ, ಅಷ್ಟು ದಿನ ಡೆಸ್ಕ್‌ಟಾಪ್ ಹೆಚ್ಚುಕಮ್ಮಿ ಹಾಗೇ ಇರತ್ತೆ. ಸುರಕ್ಷತೆ, ರೂಪ ಎರಡೂ ಒಂದೇ ಬಾಗ್ಲಿಂದ ಬರ್ತವೆ ಅಂತ ಮೇಲಿನ ಉತ್ತರದಲ್ಲಿ ಸಿಟ್ಟಾದ್ನಲ್ಲ, ಇವರು ಅವೆರಡನ್ನ ಬಹುಮಟ್ಟಿಗೆ ಬೇರೆ ಮಾಡಿ ತೋರಿಸಿದ್ದಾರೆ. ಹಳೇ ಗ್ನೋಮ್ 2ರ ರೀತಿಯೇ ಬೇಕು ಅನ್ನೋರಿಗಾಗಿ ಅದೇ ಕೋಡ್ ಹಿಡಿದು ಮಾಟೆ ಅಂತ ಡೆಸ್ಕ್‌ಟಾಪ್ ಮುಂದುವರ್ಸಿದ್ದಾರೆ, ಲಿನಕ್ಸ್ ಮಿಂಟಿನವರ ಸಿನಮನ್ ಗ್ನೋಮ್ 3ರ ಕೋಡ್ ಹಿಡಿದು ಮಾಡಿದ್ದಾದ್ರೂ ಹಳೇ ರೀತಿ ಬೇಕು ಅನ್ನೋ ಆಸೆಯಿಂದಲೇ ಹುಟ್ಟಿದ್ದು. ಬಳಸೋರೇ ತಮ್ಮ ರೂಢಿಯನ್ನ ಕಾಪಾಡ್ಕೊಂಡಿದ್ದು ಅದು, ನಂಗೆ ಅವರ ಬಗ್ಗೆ ಬಹಳ ಗೌರವ.

ಪ್ರಶ್ನೆ: ಮ್ಯಾಕ್‌ಬುಕ್ಕಲ್ಲಿ ವಿಡಿಯೋ ಎಡಿಟ್ ಮಾಡ್ತೀನಿ. ವಿಂಡೋ ಪಕ್ಕದ ಖಾಲಿ ಜಾಗಕ್ಕೆ ಮೌಸ್ ತಾಗಿ ಕ್ಲಿಕ್ ಆದ್ರೆ ಸಾಕು, ಎಲ್ಲಾ ವಿಂಡೋನೂ ಪಕ್ಕಕ್ಕೆ ಹಾರಿಹೋಗ್ತವೆ.
– ಮೈಸೂರಿನ ಓದುಗರು

ಉತ್ತರ: ಅದು ಮ್ಯಾಕ್‌ನ 2023ರ ಆವೃತ್ತಿ ಸೊನೋಮಾದಲ್ಲಿ ಸೇರಿಸಿದ್ದು. ಸಿಸ್ಟಮ್ ಸೆಟ್ಟಿಂಗ್ಸಲ್ಲಿ ಡೆಸ್ಕ್‌ಟಾಪ್ ಆ್ಯಂಡ್ ಡಾಕ್ ತೆರೆದು ಕ್ಲಿಕ್ ವಾಲ್‌ಪೇಪರ್ ಅಂತ ಶುರುವಾಗೋ ಸಾಲು ಹುಡುಕಿ, ಆಲ್ವೇಸ್ ಬದ್ಲು ಓನ್ಲಿ ಇನ್ ಸ್ಟೇಜ್ ಮ್ಯಾನೇಜರ್ ಮಾಡಿ. 2024ರ ಸಿಕೋಯಾದಿಂದ ವಿಂಡೋ ಅಂಚಿಗೆ ಅಂಟ್ಕೊಳ್ಳೋದೂ ಶುರುವಾಗಿದೆ, ಅದನ್ನ ನಿಲ್ಲಿಸೋ ಸ್ವಿಚ್ಚೂ ಅದೇ ಪುಟದಲ್ಲಿದೆ. ಹಸಿರು ಬಟನ್ ಒತ್ತಿದ್ರೆ ಫುಲ್ ಸ್ಕ್ರೀನ್ ಆಗೋದು 2014ರ ಯೊಸೆಮಿಟಿಯಿಂದ ಬಂದಿರೋದು, ಆಪ್ಶನ್ ಕೀಲಿ ಒತ್ಕೊಂಡು ಹಸಿರು ಬಟನ್ ಒತ್ತಿ, ಹಳೇ ಥರ ಬರೀ ವಿಂಡೋ ದೊಡ್ಡದಾಗತ್ತೆ.

ಪ್ರಶ್ನೆ: ಮನೆಯಲ್ಲಿ ಲ್ಯಾಪ್‌ಟಾಪಿಗೆ ದೊಡ್ಡ ಮಾನಿಟರ್ ಹಾಕ್ತೀನಿ. ಕೇಬಲ್ ತೆಗೆದ ತಕ್ಷಣ ಆ ಕಡೆ ಇದ್ದ ವಿಂಡೋ ಎಲ್ಲಾ ಮಿನಿಮೈಜ್ ಆಗ್ತವೆ, ಮೊದ್ಲು ಹೀಗಿರ್ಲಿಲ್ಲ.
– ಬೆಂಗಳೂರಿನ ಓದುಗರು

ಉತ್ತರ: ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಮಲ್ಟಿಪಲ್ ಡಿಸ್‌ಪ್ಲೇಸ್. ಮಿನಿಮೈಜ್ ವಿಂಡೋಸ್ ವೆನ್ ಎ ಮಾನಿಟರ್ ಈಸ್ ಡಿಸ್‌ಕನೆಕ್ಟೆಡ್ ಅನ್ನೋದ್ರ ಟಿಕ್ ತೆಗೀರಿ. ಅದ್ರ ಪಕ್ಕದಲ್ಲೇ ರಿಮೆಂಬರ್ ವಿಂಡೋ ಲೊಕೇಶನ್ಸ್ ಅಂತ ಇನ್ನೊಂದಿದೆ, ಅದನ್ನ ಬಿಡಿ, ಕೇಬಲ್ ಮತ್ತೆ ಹಾಕಿದಾಗ ವಿಂಡೋಗಳನ್ನ ಹಳೇ ಜಾಗಕ್ಕೇ ಕೂರಿಸತ್ತೆ, ಒಳ್ಳೇ ಕೆಲ್ಸ. ಯಾವುದಾದ್ರೂ ವಿಂಡೋ ಕಾಣದ ಕಡೆ ಸೇರ್ಕೊಂಡ್ರೆ ಆಲ್ಟ್ ಟ್ಯಾಬಲ್ಲಿ ಅದನ್ನ ಆರಿಸಿ, ವಿಂಡೋಸ್ ಕೀಲಿ, ಶಿಫ್ಟ್, ಎಡ ಅಥವಾ ಬಲ ಬಾಣ ಒಟ್ಟಿಗೆ ಒತ್ತಿ, ಈ ಪರದೆಗೆ ಬರತ್ತೆ.

ಪ್ರಶ್ನೆ: ನಾವು ಇಲ್ಲಿ ಕೂತು ಬೈದ್ರೆ ಅಮೆರಿಕದಲ್ಲಿ ಕೂತೋರಿಗೆ ಕೇಳ್ಸತ್ತಾ?
– ಮಂಡ್ಯದ ಓದುಗರು

ಉತ್ತರ: ಇಲ್ಲಿ ಕೂತು ಬೈದ್ರೆ ಕೇಳ್ಸಲ್ಲ, ಅವರ ಕಿವಿ ಇರೋ ಕಡೆ ಹೇಳಿದ್ರೆ ಕೇಳ್ಸತ್ತೆ. 2012ರಲ್ಲಿ ವಿಂಡೋಸ್ 8 ಬಂದಾಗ ಸ್ಟಾರ್ಟ್ ಬಟನ್ನನ್ನೇ ತೆಗೆದಿದ್ರು, ಒಂದೇ ವರ್ಷಕ್ಕೆ, 2013ರ ಅಕ್ಟೋಬರ್‌ನಲ್ಲಿ 8.1 ಜೊತೆ ಬಟನ್ ವಾಪಸ್ ಬಂತು. ಟಾಸ್ಕ್‌ಬಾರಿನ ಹೆಸರುಗಳು ವಾಪಸ್ ಬಂದಿದ್ದು ಮೇಲೆ ಓದಿದ್ರಲ್ಲ. ವಿಂಡೋಸ್ ಕೀಲಿ ಜೊತೆ ಎಫ್ ಒತ್ತಿ, ಫೀಡ್‌ಬ್ಯಾಕ್ ಹಬ್ ತೆರೆಯತ್ತೆ. ಮೊದ್ಲು ಅದೇ ದೂರು ಬೇರೆ ಯಾರಾದ್ರೂ ಹಾಕಿದ್ದಾರಾ ಅಂತ ಹುಡುಕಿ, ಇದ್ರೆ ಅದಕ್ಕೇ ಓಟು ಹಾಕಿ, ಒಂದೇ ದೂರಿಗೆ ಹೆಚ್ಚು ಜನ ಸೇರಿದ್ರೆ ತೂಕ ಜಾಸ್ತಿ. ಹೊಸದಾಗಿ ಬರೆಯೋದಾದ್ರೆ ಚೆನ್ನಾಗಿಲ್ಲ ಅಂತ ಬರೀಬೇಡಿ, ನಾನು ಈ ಕೆಲ್ಸ ಮಾಡ್ತೀನಿ, ಮೊದ್ಲು ಒಂದು ಕ್ಲಿಕ್ಕಲ್ಲಿ ಆಗ್ತಿತ್ತು, ಈಗ ಇಷ್ಟು ಹೆಜ್ಜೆ ಆಗಿದೆ ಅಂತ ಬರೀರಿ. ದಾವಣಗೆರೆಯ ಮೇಡಮ್ ಬರೆದಿದ್ದಾರಲ್ಲ, ಆ ಥರ.